ವಿಶ್ವಾಸವೂ ವಿಚಾರವೂ: ಹತ್ತನೆಯ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಜೀವಶಾಸ್ತ್ರದಲ್ಲಿ ಜೀವವಿಕಾಸದ ಪಾಠ ಆರಂಭವಾದ ಮೇಲೆ ನಮ್ಮ ಕ್ರೈಸ್ತ ಕುಟುಂಬಗಳ ಕೆಲವು ಪೋಷಕರು ಶಾಲೆಗೆ ಬಂದು, ಭಾನುವಾರ ದೊತೊರ್ನ್ (ಕ್ರೈಸ್ತ ಧರ್ಮೋಪದೇಶ) ತರಗತಿಯಲ್ಲಿ ಕಲಿತದ್ದಕ್ಕೂ ಸೋಮವಾರ ಶಾಲೆಯಲ್ಲಿ ಕಲಿಯುವುದಕ್ಕೂ ತಾಳೆಯಾಗುತ್ತಿಲ್ಲವೆಂದು ಮಕ್ಕಳು ಮನೆಯಲ್ಲಿ ವಾದಿಸುತ್ತಿರುವುದನ್ನು ತಿಳಿಸಿದ್ದಾರೆ. ಇಗರ್ಜಿಯ (ಚರ್ಚಿನ) ಆಡಳಿತದಲ್ಲಿರುವ ಶಾಲೆಯೇ ಹೀಗೆ ಕಲಿಸಬಹುದೇ ಎಂದೂ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯಾದ್ದರಿಂದ ಬಾಯಿಮಾತಿನಲ್ಲಿ ಮುಗಿಸದೆ ಬರೆದು ತಿಳಿಸುತ್ತಿದ್ದೇನೆ. ಇತರ ಧರ್ಮಗಳ ಪೋಷಕರಿಗೂ ಇದೇ ಪತ್ರವನ್ನು ಕಳುಹಿಸಲಾಗಿದೆ.

ಪಾಠ ಬದಲಾಗುವುದಿಲ್ಲ. ಕೇರಳದ ಪಠ್ಯಕ್ರಮದಲ್ಲಿ ಇದೆ ಎಂಬುದು ಒಂದು ಕಾರಣ ಮಾತ್ರ. ಜೀವವಿಕಾಸವನ್ನು ಒಪ್ಪಿದವರು ದೇವರನ್ನು ಬಿಡಬೇಕಾಗುತ್ತದೆ ಎಂಬ ಭಯ ಕೆಥೋಲಿಕ ಧರ್ಮಸಭೆಯ ಬೋಧನೆಯಿಂದ ಹುಟ್ಟಿದ್ದಲ್ಲ. ಜೀವವಿಕಾಸ ಸಿದ್ಧಾಂತವು ಬರಿಯ ಊಹೆಯ ಮಟ್ಟವನ್ನು ದಾಟಿದೆ ಎಂದು ಪೋಪ್ ಎರಡನೆಯ ಜಾನ್ ಪೌಲ್ ಅವರು 1996ರಲ್ಲಿಯೇ ಹೇಳಿದ್ದಾರೆ. ಅದಕ್ಕೂ ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಸಂತ ಅಗಸ್ಟೀನರು ಬೈಬಲಿನ ಸೃಷ್ಟಿಕಥೆಯಿರುವ ಆದಿಕಾಂಡಕ್ಕೆ ವ್ಯಾಖ್ಯಾನ ಬರೆಯುವಾಗ, ಆಕಾಶ ಭೂಮಿಗಳ ಬಗ್ಗೆ ತಿಳಿದವರ ಎದುರು ಕ್ರೈಸ್ತರು ಪವಿತ್ರಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತನಾಡಿದರೆ ಗ್ರಂಥವೇ ನಗೆಪಾಟಲಾಗುತ್ತದೆ ಎಂದು ಎಚ್ಚರಿಸಿದ್ದರು. ಅನುವಂಶೀಯತೆಯ ಪಾಠದಲ್ಲಿ ಬಟಾಣಿ ಗಿಡಗಳೊಂದಿಗೆ ಬರುವ ಮೆಂಡೆಲ್ ಅಗಸ್ಟೀನರ ಹೆಸರಿನ ಸಭೆಗೇ ಸೇರಿದ ಸನ್ಯಾಸಿ. ಮಕ್ಕಳಿಗೆ ಇದು ತಿಳಿದಿರುವುದು ಕಡಿಮೆ.

ಜಾರ್ಜ್ ಲೆಮೈತ್ರ್ ಎಂಬ ಬೆಲ್ಜಿಯಂನ ಕೆಥೋಲಿಕ ಧರ್ಮಗುರುಗಳ ವಿಷಯವನ್ನು ತಾವು ಮಕ್ಕಳೊಂದಿಗೆ ಮಾತನಾಡಬೇಕೆಂದು ಕೋರುತ್ತೇನೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದ ಆಧಾರದಿಂದ ವಾದಿಸಿದವರು ಅವರು. ಇಂದು ಮಹಾಸ್ಫೋಟ (ಬಿಗ್ ಬ್ಯಾಂಗ್) ಎಂದು ನಾವು ಕಲಿಸುವ ಸಿದ್ಧಾಂತಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ತಮ್ಮ ಭಾಷಣವೊಂದರಲ್ಲಿ, ವಿಜ್ಞಾನದ ಈ ಹೊಸ ತಿಳಿವು ದೇವರ ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆ ಎಂಬ ಅರ್ಥದಲ್ಲಿ ಮಾತನಾಡಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಡಬೇಕಾಗಿದ್ದ ಲೆಮೈತ್ರ್ ಅವರಿಗೇ ಅದು ಹಿಡಿಸಲಿಲ್ಲ. ನಾಳೆ ತಿದ್ದುಪಡಿಯಾಗಬಹುದಾದ ಸಿದ್ಧಾಂತವನ್ನು ವಿಶ್ವಾಸಕ್ಕೆ ಊರುಗೋಲು ಮಾಡಬಾರದು, ಅಂತೆಯೇ ವಿಶ್ವಾಸವನ್ನು ಲೆಕ್ಕದ ನಡುವೆ ತರಬಾರದು ಎಂಬುದು ಅವರ ನಿಲುವಾಗಿತ್ತು. ದಿನವೂ ಬಲಿಪೂಜೆ ಅರ್ಪಿಸುತ್ತಿದ್ದ ಗುರುವೊಬ್ಬರು ಹೀಗೆ ನಿಂತದ್ದು ನನಗೆ ಯಾವ ವಾದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಗೆಲಿಲಿಯೋ ಪ್ರಸಂಗವನ್ನೂ ನಾವು ಮರೆಮಾಚುವುದಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದದ್ದಕ್ಕೆ 1633ರಲ್ಲಿ ಅವರಿಗೆ ವಿಧಿಸಿದ ಶಿಕ್ಷೆ ತಪ್ಪಾಗಿತ್ತೆಂದು ಧರ್ಮಸಭೆ ಮುಕ್ತವಾಗಿ ಒಪ್ಪಿದ್ದು 1992ರಲ್ಲಿ. ಮಕ್ಕಳು ಕೇಳಿದರೆ ಹೀಗೆಯೇ ಹೇಳಿ.

ಇನ್ನೊಂದು ಮುಖ್ಯ ಸಂಗತಿಯಿದೆ. ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಯಿತು, ಔಷಧಿ ಬಿಟ್ಟುಬಿಡಿ ಎಂಬಂಥ ವಾಟ್ಸಾಪ್ ಸಂದೇಶಗಳು ಮನೆಮನೆಗೆ ಬರುತ್ತಿವೆ. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ ಇಂಥ ಹೇಳಿಕೆಗಳನ್ನು ಪರೀಕ್ಷಿಸಲು 1883ರಿಂದಲೇ ವೈದ್ಯರ ಕಚೇರಿಯಿದೆ. ಅಲ್ಲಿಗೆ ಬಂದ ಯಾವ ಧರ್ಮದ ವೈದ್ಯರೂ, ದೇವರನ್ನು ನಂಬದವರೂ ದಾಖಲೆಗಳ ಪರಿಶೀಲನೆಯಲ್ಲಿ ಪಾಲ್ಗೊಳ್ಳಬಹುದು. ಗುಣವಾಯಿತೆಂದು ವರದಿಯಾದ 7000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಧರ್ಮಸಭೆ ಪವಾಡವೆಂದು ಅಂಗೀಕರಿಸಿದ್ದು 70ರ ಆಸುಪಾಸು ಮಾತ್ರ. ಧರ್ಮಸಭೆಯೇ ಇಷ್ಟು ಜರಡಿ ಹಿಡಿಯುವಾಗ, ರೋಗಿ ಯಾರು, ಯಾವ ಆಸ್ಪತ್ರೆ, ಮೊದಲಿನ ವರದಿ ಏನಿತ್ತು ಎಂದು ಕೇಳಿದ ಮಗುವನ್ನು ಅವಿಶ್ವಾಸಿ ಎಂದು ಗದರಿಸುವುದು ಸರಿಯಲ್ಲ. ತಾಯಿ ಮೇರಿಯಮ್ಮನಿಗೆ ಹರಕೆ ಹೊತ್ತುಕೊಂಡೇ ಮಂಗಳೂರಿನ ಆಸ್ಪತ್ರೆಗೆ ಹೊರಡುವುದು ನಮ್ಮ ಊರಿನ ರೂಢಿ. ಅದರಲ್ಲಿ ಯಾರಿಗೂ ವಿರೋಧಾಭಾಸ ಕಂಡಿಲ್ಲ.

ಅಧ್ಯಾಪಕರಿಗೂ ನಾನು ಸ್ಪಷ್ಟ ಸೂಚನೆ ನೀಡಿದ್ದೇನೆ. ಪಳೆಯುಳಿಕೆಗಳು ಏನು ಹೇಳುತ್ತವೆ ಎಂಬುದನ್ನು ಅವರು ಪೂರ್ಣವಾಗಿ ಕಲಿಸಬೇಕು. ಆದ್ದರಿಂದ ದೇವರಿಲ್ಲ ಎಂದಾಗಲಿ, ಇದೆಲ್ಲ ದೇವರ ಯೋಜನೆ ಎಂದಾಗಲಿ ಜೀವಶಾಸ್ತ್ರದ ಅವಧಿಯಲ್ಲಿ ತೀರ್ಪು ಕೊಡುವಂತಿಲ್ಲ. ಯಾವ ಮಗುವಿನ ವಿಶ್ವಾಸವನ್ನೂ ತರಗತಿಯಲ್ಲಿ ಹಾಸ್ಯ ಮಾಡಕೂಡದು. ಉತ್ತರಪತ್ರಿಕೆಯಲ್ಲಿ ಮಾತ್ರ ಪಾಠದ ಆಧಾರಗಳನ್ನೇ ಬರೆಯಬೇಕು, ಅಂಕ ಅದಕ್ಕೇ.

ಮುಂದಿನ ತರಗತಿ ಪಿ.ಟಿ.ಎ. (ಪೋಷಕ-ಶಿಕ್ಷಕ ಸಂಘ) ಸಭೆಗೆ ಜೀವಶಾಸ್ತ್ರದ ಅಧ್ಯಾಪಕರೊಂದಿಗೆ ನಮ್ಮ ಧರ್ಮಗುರುಗಳೂ ಬರಲು ಒಪ್ಪಿದ್ದಾರೆ. ಮಕ್ಕಳನ್ನೂ ಕರೆತನ್ನಿ. ಎಲ್ಲರೆದುರು ಕೇಳಲು ಸಂಕೋಚವಿರುವ ಪ್ರಶ್ನೆಗಳನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಮುಂಚಿತವಾಗಿ ಕಚೇರಿಗೆ ತಲುಪಿಸಬಹುದು.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ