ಅಣುಬಾಂಬ್ ಸುದ್ದಿ ವಿದೇಶ ಪುಟದಲ್ಲೇ ಇರಬೇಕಾ?

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರು ಕಡೆಯಿಂದ ನಿಮಗೆ ಬರುವ ಪತ್ರಗಳಲ್ಲಿ ಮಳೆ, ಕಾಫಿ ಬೆಲೆ, ಕಾಡಾನೆ ಹಾವಳಿಯೇ ಜಾಸ್ತಿ. ಅದು ಸಹಜ, ನಮ್ಮ ಬದುಕೇ ಅದು. ಅಣ್ವಸ್ತ್ರದ ಸುದ್ದಿ ಮಾತ್ರ ವಿದೇಶ ಪುಟದಲ್ಲಿ ಬಂದು ಹೋಗುತ್ತದೆ, ಅದಕ್ಕೂ ನಮಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ. ಸಂಬಂಧ ಇದೆ. ಅಣ್ವಸ್ತ್ರ ಬೇಡ ಎನ್ನುವವರು ಒಂದು ಕಡೆ, ಹವಾಮಾನ ಕೆಡುತ್ತಿದೆ ಎನ್ನುವವರು ಇನ್ನೊಂದು ಕಡೆ, ಬಡವರಿಗೆ ಅನ್ಯಾಯ ಆಗುತ್ತಿದೆ ಎನ್ನುವವರು ಮತ್ತೊಂದು ಕಡೆ ನಿಂತು ಬೇರೆ ಬೇರೆ ಕೂಗುತ್ತಿದ್ದಾರೆ. ಇವರೆಲ್ಲ ಒಟ್ಟಿಗೆ ಕೇಳಬೇಕು ಅಂತ ಹೇಳುವುದಕ್ಕೇ ಈ ಪತ್ರ.

ಪೆಸಿಫಿಕ್ ಸಾಗರದಲ್ಲಿ ಮಾರ್ಷಲ್ ದ್ವೀಪಗಳು ಎಂಬ ಪುಟ್ಟ ದೇಶ ಇದೆ. 1946ರಿಂದ 1958ರವರೆಗೆ ಅಮೆರಿಕ ಅಲ್ಲಿ 67 ಅಣು ಪರೀಕ್ಷೆ ಮಾಡಿತು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಸಿಡಿಸಿದ ಬಾಂಬಿನ ಶಕ್ತಿ ಹಿರೋಷಿಮಾ ಬಾಂಬಿನ ಸುಮಾರು ಸಾವಿರ ಪಟ್ಟು. ಅದರ ವಿಷದ ಬೂದಿ ರೊಂಗೆಲಾಪ್ ದ್ವೀಪದ ಜನರ ಮೈಮೇಲೆ, ನೀರಿಗೆ, ಊಟಕ್ಕೆ ಬಿತ್ತು. ಅವರು ಊರು ಬಿಡಬೇಕಾಯಿತು. ಆಮೇಲೆ 1970ರ ದಶಕದ ಕೊನೆಯಲ್ಲಿ ಪರೀಕ್ಷೆಗಳ ವಿಕಿರಣದ ಮಣ್ಣು, ಕಸವನ್ನೆಲ್ಲ ಬಳಿದು, ರುನಿಟ್ ದ್ವೀಪದಲ್ಲಿ ಬಾಂಬಿನಿಂದಲೇ ಆಗಿದ್ದ ಒಂದು ಹೊಂಡಕ್ಕೆ ತುಂಬಿ, ಮೇಲೆ ಕಾಂಕ್ರೀಟ್ ಗುಮ್ಮಟ ಕಟ್ಟಿದರು. ತಳಕ್ಕೆ ಏನೂ ಹಾಕಲಿಲ್ಲ. ಈಗ ಸಮುದ್ರ ಏರುತ್ತಿದೆ, ಆ ದೇಶದ ನೆಲವೋ ಸಮುದ್ರದಿಂದ ಸರಾಸರಿ ಎರಡು ಮೀಟರ್ ಎತ್ತರ ಅಷ್ಟೇ. ಬಾಂಬ್ ಮಾಡಿದ್ದು ಅವರಲ್ಲ, ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ಜಗತ್ತನ್ನು ಬಿಸಿ ಮಾಡಿದ್ದೂ ಅವರಲ್ಲ, ಅನುಭವಿಸುತ್ತಿರುವುದು ಮಾತ್ರ ಎರಡನ್ನೂ. 2014ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಒಂಬತ್ತೂ ಅಣ್ವಸ್ತ್ರ ದೇಶಗಳ ವಿರುದ್ಧ ದೂರು ಕೊಟ್ಟರು. ಭಾರತವೂ ಆ ಒಂಬತ್ತರಲ್ಲಿ ಒಂದು. ಭಾರತ, ಪಾಕಿಸ್ತಾನ, ಬ್ರಿಟನ್ ಮೇಲಿನ ದೂರುಗಳನ್ನು 2016ರಲ್ಲಿ ಕೋರ್ಟು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈಬಿಟ್ಟಿತು. ಅಷ್ಟು ಸಣ್ಣ ದೇಶ ಅಷ್ಟು ಧೈರ್ಯ ಮಾಡಿತಲ್ಲ ಎಂದು ನನಗೆ ಇವತ್ತಿಗೂ ಗೌರವ ಇದೆ.

ನಮ್ಮಲ್ಲಿ ನೋಡಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಸಮಯಕ್ಕೆ ಬರದಿದ್ದರೆ ಕೆರೆ, ಮೋಟಾರು, ಸ್ಪ್ರಿಂಕ್ಲರ್ ಇರುವ ತೋಟದವರು ರೋಬಸ್ಟಾ ಕಾಫಿಗೆ ನೀರು ಹಾರಿಸಿ ಹೂ ಬಿಡಿಸಿಕೊಳ್ಳುತ್ತಾರೆ. ಎರಡು ಎಕರೆಯವನು ಆಕಾಶ ನೋಡುತ್ತಾನೆ. ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ಫಸಲು ಇಲ್ಲ ಅಂದರೆ ಕೊಯ್ಲಿನ ಕೂಲಿಯೂ ಇಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜಾರಿ ಮನೆ, ತೋಟ ಕಳೆದುಕೊಂಡ ಮಲೆಮನೆಯಂಥ ಊರಿನವರು ಜಗತ್ತಿಗೆ ಎಷ್ಟು ಹೊಗೆ ಬಿಟ್ಟಿದ್ದರು ಹೇಳಿ? ಜಗತ್ತಿನ ಇಂಗಾಲದ ಹೊಗೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅತಿ ಹೆಚ್ಚು ಆದಾಯದ ಶೇ 10ರಷ್ಟು ಜನರದ್ದು.

ಇನ್ನು ಬಾಂಬ್ ಬಿದ್ದರೆ ಬಿದ್ದ ಊರಿಗೆ ಮಾತ್ರ ತೊಂದರೆ ಅಂದುಕೊಳ್ಳುವ ಹಾಗಿಲ್ಲ. ನಗರಗಳು ಹೊತ್ತಿ ಉರಿದಾಗ ಏಳುವ ಮಸಿ ತೀರಾ ಎತ್ತರಕ್ಕೆ ಹೋಗುತ್ತದೆ, ಅಲ್ಲಿ ಮಳೆ ಇಲ್ಲದ್ದರಿಂದ ತೊಳೆದು ಇಳಿಯುವುದಿಲ್ಲ, ವರ್ಷಗಟ್ಟಲೆ ಬಿಸಿಲನ್ನು ತಡೆಯುತ್ತದೆ. ಭಾರತ–ಪಾಕಿಸ್ತಾನದ ನಡುವೆ ಅಣುಯುದ್ಧ ಆದರೆ ಬೆಳೆ ಸೋತು ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಹಸಿವಿನಿಂದ ಸಾಯಬಹುದು, ಅಮೆರಿಕ–ರಷ್ಯಾ ನಡುವೆ ಆದರೆ 500 ಕೋಟಿಗೂ ಹೆಚ್ಚು ಎಂದು 2022ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನೆಲ ಕಾದು, ಸಮುದ್ರದ ಗಾಳಿ ಒಳಗೆ ಬಂದರೆ ತಾನೇ ಮುಂಗಾರು? ನೆಲವೇ ಕಾಯದಿದ್ದರೆ ಆಗುಂಬೆಗೆ, ಸಕಲೇಶಪುರಕ್ಕೆ ಮಳೆ ಎಲ್ಲಿಂದ ಬರಬೇಕು? ಹೇಮಾವತಿ ತುಂಬುವುದು ಹೇಗೆ? ಎಷ್ಟೋ ವರ್ಷಗಳಲ್ಲಿ ಕೆಡುವ ಹವಾಮಾನ ಕೆಲವೇ ವಾರ, ತಿಂಗಳುಗಳಲ್ಲಿ ಕೆಡುತ್ತದೆ. 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷ ನಡೆದ ಆ ನಾಲ್ಕು ದಿನ ನಾವೆಲ್ಲ ಟಿವಿ ಮುಂದೆ ಕೂತಿದ್ದೆವಲ್ಲ, ಆಗ ಈ ವಿಷಯ ಯಾವ ಚರ್ಚೆಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ದುಡ್ಡಿನ ಮಾತಿಗೆ ಬರೋಣ. ಬಡ ದೇಶಗಳಿಗೆ ಹವಾಮಾನದ ನೆರವಾಗಿ 2020ರ ಹೊತ್ತಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ಕೊಡುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಆ ಮಟ್ಟ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಬಹುಪಾಲು ಸಾಲ. 2024 ಒಂದೇ ವರ್ಷದಲ್ಲಿ ಒಂಬತ್ತು ದೇಶಗಳು ಬರೀ ಅಣ್ವಸ್ತ್ರಕ್ಕೆ ಖರ್ಚು ಮಾಡಿದ್ದು ಸುಮಾರು ಅದೇ ಹತ್ತು ಸಾವಿರ ಕೋಟಿ ಡಾಲರ್. ಆ ದುಡ್ಡಿಗೆ ಯಾರೂ ಹದಿಮೂರು ವರ್ಷ ಕಾಯಿಸಲಿಲ್ಲ. ಸೇನೆಗಳು ಸುಡುವ ಇಂಧನದ ಲೆಕ್ಕವಂತೂ ಹವಾಮಾನದ ಪ್ಯಾರಿಸ್ ಒಪ್ಪಂದದಲ್ಲಿ ಕಡ್ಡಾಯವೇ ಅಲ್ಲ.

ಚೀನಾ, ಪಾಕಿಸ್ತಾನ ಇಟ್ಟುಕೊಂಡಿರುವಾಗ ನಾವು ಬಿಡಬೇಕಾ ಎಂದು ನನ್ನ ಗೆಳೆಯರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಭಾರತ ಒಂದೇ ನಾಳೆ ಕೆಳಗಿಡಲಿ ಎಂದು ನಾನೂ ಕೇಳುತ್ತಿಲ್ಲ. ಎಲ್ಲರೂ ಸೇರಿ ಇಳಿಸಬೇಕು, ಅದು ಸಾಧ್ಯ. 1980ರ ದಶಕದ ಮಧ್ಯದಲ್ಲಿ ಜಗತ್ತಿನಲ್ಲಿ ಸುಮಾರು 70 ಸಾವಿರ ಅಣುಬಾಂಬ್ ಸಿಡಿತಲೆ ಇದ್ದವು, ಈಗ 12 ಸಾವಿರದ ಆಸುಪಾಸು. ಮಾತುಕತೆಯಿಂದ, ಬೀದಿಗಿಳಿದ ಜನರ ಒತ್ತಾಯದಿಂದ ಇಳಿದದ್ದು. ದಕ್ಷಿಣ ಆಫ್ರಿಕಾ ತಾನೇ ಮಾಡಿದ ಬಾಂಬುಗಳನ್ನು ತಾನೇ ಬಿಚ್ಚಿ ಹಾಕಿತು. ಚಿಂತೆ ಏನೆಂದರೆ ಅಮೆರಿಕ–ರಷ್ಯಾ ನಡುವೆ ಉಳಿದಿದ್ದ, ಅಣ್ವಸ್ತ್ರಗಳ ಸಂಖ್ಯೆಗೆ ಮಿತಿ ಹಾಕುವ ಕೊನೆಯ ಒಪ್ಪಂದದ ಅವಧಿಯೂ 2026ರ ಫೆಬ್ರುವರಿಗೆ ಮುಗಿಯಿತು.

ಬಿಕಿನಿ ಪರೀಕ್ಷೆ ಆದ ಒಂದೇ ತಿಂಗಳಲ್ಲಿ, 1954ರ ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ನಿಂತು ಇಂಥ ಪರೀಕ್ಷೆ ನಿಲ್ಲಿಸಿ ಎಂದು ಕೇಳಿದ್ದರು. ಆ ದನಿ ನಮ್ಮ ದೇಶದ್ದೇ. ಹಾಗಾಗಿ ಹಾಸನ ಮತ್ತು ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಸಂಸದರಲ್ಲಿ ನನ್ನ ಮನವಿ. 2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದದ ಸಭೆಗೆ ಭಾರತ ಕನಿಷ್ಠ ವೀಕ್ಷಕನಾಗಿ ಹೋಗಲಿ ಎಂದು ಸಂಸತ್ತಿನಲ್ಲಿ ಕೇಳಿ. ಅಮೆರಿಕದ ಅಣ್ವಸ್ತ್ರದ ರಕ್ಷಣೆಯಲ್ಲಿರುವ ಜರ್ಮನಿ, ನಾರ್ವೆ ಕೂಡ 2022ರಲ್ಲಿ ವಿಯೆನ್ನಾದ ಮೊದಲ ಸಭೆಗೆ ಹಾಗೆ ಹೋಗಿದ್ದವು. ಹವಾಮಾನ ಮಾತುಕತೆಯಲ್ಲಿ ಸೇನೆಗಳ ಹೊಗೆಯ ಲೆಕ್ಕವೂ ಬರಲಿ, ನೆರವು ಸಾಲವಾಗಿ ಬೇಡ ಎಂದೂ ಕೇಳಿ. ಬೆಳೆಗಾರರ ಸಂಘದವರು, ತೋಟ ಕಾರ್ಮಿಕರ ಸಂಘಟನೆಯವರು ಬೆಲೆ, ಕೂಲಿ ವಿಷಯದಲ್ಲಿ ಎದುರುಬದುರು ಕೂರುವವರು, ನನಗೆ ಗೊತ್ತು. ಈ ಒಂದು ಮನವಿಗೆ ಇಬ್ಬರೂ ಒಟ್ಟಿಗೆ ಸಹಿ ಹಾಕಬಹುದು ಅಲ್ವಾ? ಮುಂದಿನ ಅಧಿವೇಶನಕ್ಕೆ ಮೊದಲು ಅದು ಸಂಸದರ ಕೈ ಸೇರಲಿ.

— ಒಬ್ಬ ಸಣ್ಣ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು