ನಿನ್ನ ಕೈ, ಅಜ್ಜನ ಕೈ

ತಮ್ಮಾ,

ನಿನ್ನ ಹೆಂಡತಿ ನನ್ನ ಮನೆಯಲ್ಲಿದ್ದಾಳೆ. ಗಾಬರಿ ಆಗಬೇಡ, ಕರೆದುಕೊಂಡು ಹೋಗಲು ಬರಲೂಬೇಡ. ನಿನ್ನೆ ಯಾದಗಿರಿಯಲ್ಲಿ ಎಕ್ಸ್‌ರೇ ಮಾಡಿಸಿದೆವು. ಎಡ ಮಣಿಕಟ್ಟು ಮುರಿದಿದೆ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಡಾಕ್ಟರಿಗೆ ಹೇಳಿದಳು. ನಾನು ಸುಮ್ನೆ ಅವಳ ಮುಖ ನೋಡಿದೆ. ಆ ಮಾತನ್ನು ಸಣ್ಣವಳಿದ್ದಾಗ ನಮ್ಮ ಅವ್ವನ ಬಾಯಲ್ಲಿ ಕೇಳಿದ್ದೆ.

ನಿನ್ನ ಅಜ್ಜ, ಅಂದರೆ ನನ್ನ ಅಪ್ಪನ ಹೆಸರು ಹೇಳಿದರೆ ಶಹಾಪುರ, ಸುರಪುರದ ಕಡೆಯವರು ಇವತ್ತಿಗೂ ಕೈ ಮುಗಿಯುತ್ತಾರೆ. ಅಪ್ಪನ ಕೈಗುಣ ಅಂಥದ್ದು. ಕೈ ಮುರಿದ ಮಗುವನ್ನು ಪಡಸಾಲೆಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, "ನಿಮ್ಮ ಎಮ್ಮೆ ಎಷ್ಟು ಹಾಲು ಕೊಡ್ತದ?" ಅಂತ ಕೇಳುತ್ತಿದ್ದರು. ಮಗು ಲೆಕ್ಕ ಹಾಕುವಷ್ಟರಲ್ಲಿ ಎಲುಬು ಕೂತಿರುತ್ತಿತ್ತು. ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ ಹಚ್ಚಿ, ಮೇಲೆ ಬಿದಿರಿನ ದಬ್ಬೆ ಕಟ್ಟುತ್ತಿದ್ದರು. ಆಮೇಲೆ ಬೆರಳಿನ ಉಗುರು ಒತ್ತಿ ಬಿಡುತ್ತಿದ್ದರು. ಕೆಂಪು ಬೇಗ ವಾಪಸ್ ಬರದಿದ್ದರೆ ಕಟ್ಟು ಬಿಗಿಯಾಗಿದೆ, ರಕ್ತ ಓಡುತ್ತಿಲ್ಲ ಅಂತ ಆಗಲೇ ಸಡಿಲ ಮಾಡುತ್ತಿದ್ದರು. ಇಲ್ಲದಿದ್ದರೆ ಕೈಯೇ ಕೊಳೆತು ಹೋಗುತ್ತದೆ, ಅಲ್ವಾ? ನಿನಗೆ ನಾನು ಹೇಳಬೇಕಿಲ್ಲ, ಆ ಕೈ ನಿನಗೂ ಬಂದಿದೆ. ಒಮ್ಮೆ ಕುಡಿದವನೊಬ್ಬ ನೋವಿಗೆ ಅಪ್ಪನ ಎದೆಗೇ ಒದ್ದ. ಅಪ್ಪ ನಕ್ಕು ಅವನ ಕಾಲು ಸವರಿದರು.

ಅದೇ ರಾತ್ರಿ ಸಾರಿಗೆ ಉಪ್ಪು ಜಾಸ್ತಿ ಆಯಿತು ಅಂತ ಅವ್ವನ ಕೈ ಮುರಿದರು. ಬೆಳಿಗ್ಗೆ ತಾವೇ ಕೂತು ಕಟ್ಟಿದರು. ಅದೇ ಮೊಟ್ಟೆ, ಅದೇ ಹಿಟ್ಟು. ಉಗುರನ್ನೂ ಹಾಗೇ ಒತ್ತಿ ನೋಡಿದರು. ಓಣಿಯವರು "ಮನೆಯಾಗೇ ವೈದ್ಯ ಇದ್ದಾನ, ಪುಣ್ಯವಂತಿ" ಅಂದರು. ಅವ್ವ ಸೆರಗು ಎಳೆದುಕೊಂಡಳು.

ಆ ಹೊತ್ತಿಗೆ ನಾನು ನಾನಾಗಿರಲಿಲ್ಲ, ಮೈಮೇಲೆ ಏನೋ ಬಂದಂಗಾಗಿತ್ತು ಅಂತ ನೀನು ಫೋನಿನಲ್ಲಿ ಅಳುತ್ತಾ ಹೇಳಿದೆ. ಅಪ್ಪನೂ ಹಾಗೇ ಅನ್ನುತ್ತಿದ್ದರು. ಬಹಳ ವರ್ಷ ನಾನೂ ನಂಬಿದ್ದೆ. ಆದರೆ ತಮ್ಮಾ, ಅಪ್ಪ ಮೊದಲು ರೇಡಿಯೋ ಜೋರು ಮಾಡುತ್ತಿದ್ದರು. ಆಮೇಲೆ ಎದ್ದು ಬಾಗಿಲ ಚಿಲಕ ಹಾಕುತ್ತಿದ್ದರು. ಮೈಮೇಲೆ ಬಂದವನು ಚಿಲಕ ಹಾಕಿ ಬರುತ್ತಾನಾ? ನೀನೂ ಮೊದಲು ಟಿವಿ ಜೋರು ಮಾಡಿದ್ದೆ ಅಂತ ಅವಳು ಹೇಳಿದಳು. ಅದನ್ನು ಕೇಳಿ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ನಿನ್ನೊಳಗೆ ಬೇರೆ ಯಾರೂ ಇಲ್ಲಪ್ಪ. ಪಡಸಾಲೆಯಲ್ಲಿ ಒದ್ದವನನ್ನು ಸಹಿಸುವವನೂ ನೀನೇ, ಒಳಗೆ ಹೊಡೆಯುವವನೂ ನೀನೇ.

ಅವ್ವನಿಗೆ ಹೋಗಲು ಜಾಗ ಇರಲಿಲ್ಲ. ಇವಳಿಗೆ ಇದೆ. ಮನೆಯೊಳಗಿನ ಹೊಡೆತ ಬಡಿತಕ್ಕೆ 2005ರಲ್ಲೇ ಕಾನೂನು ಆಗಿದೆ. ನಿನ್ನ ಮನೆಯಲ್ಲಿ ಇರುವ ಹಕ್ಕೂ ಅವಳಿಗೆ ಇದೆ, ನಿನ್ನನ್ನು ದೂರ ಇಡುವ ಆದೇಶವನ್ನೂ ಕೋರ್ಟಿನಲ್ಲಿ ಕೇಳಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡುವುದನ್ನು ನಾನೇ ತೋರಿಸಿಕೊಟ್ಟಿದ್ದೇನೆ. ದೂರು ಕೊಡುವುದು ಬಿಡುವುದು ಅವಳಿಗೆ ಸೇರಿದ್ದು. ಕೊಟ್ಟರೆ ನಾನು ಅವಳ ಪಕ್ಕ ನಿಲ್ಲುತ್ತೇನೆ. ನೀನು ನನ್ನ ತೊಡೆ ಮೇಲೆ ಬೆಳೆದವನು, ಅದಕ್ಕೇ ನಿಲ್ಲುತ್ತೇನೆ.

ನೀನು 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಸಿಟ್ಟು ಬರುತ್ತದೆ ಅಂತ ಹೇಳಬೇಡ. ಹೆಂಡತಿಯ ಕೈ ಮುರಿದೆ ಅಂತ ಹೇಳು.

ಅವಳಿಗೆ ಪ್ಲಾಸ್ಟರ್ ಹಾಕಿದ್ದಾರೆ. "ಅವರೇ ಕಟ್ಟಿದ್ದರೆ ಬೇಗ ಕೂಡುತ್ತಿತ್ತು" ಅಂದಳು, ಹುಚ್ಚಿ. ಬೇಡವ್ವ ಅಂದೆ. ರಾತ್ರಿ ಎರಡು ಸಲ ಎದ್ದು ಅವಳ ಉಗುರು ಒತ್ತಿ ನೋಡಿದೆ. ಕೆಂಪು ವಾಪಸ್ ಬರುತ್ತಿದೆ.

ನಿನ್ನ ಸೋದರತ್ತೆ