ಅಕ್ಕನಿಗೆ, ಏಜೆಂಟ್ ಬಂದ ವಿಷಯ

ಹೈಡೆಲ್‌ಬರ್ಗ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ನಾನಿಲ್ಲಿ ಸೌಖ್ಯ. ಮೊನ್ನೆ ಮಾತು ಅರ್ಧದಲ್ಲೇ ಕಟ್ಟಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳು.

ಹುಟ್ಟಲಿರುವ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು, ಮುಂದೆ ಅದಕ್ಕೇ ಕಾಯಿಲೆ ಬಂದರೆ ಬೇಕಾಗುತ್ತದೆ ಅಂತ, 75 ವರ್ಷ ಇಟ್ಟುಕೊಡುತ್ತೇವೆ, ಕಂತಿನಲ್ಲಿ ಕಟ್ಟಿದರೆ ಸಾಕು ಅಂತ ಕಟಪಾಡಿಯ ಮನೆಗೇ ಬಂದು ಹೇಳಿದನಲ್ಲ, ಆ ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜ. ಹೆಪ್ಪುಗಟ್ಟಿಸಿ ಇಡಬಹುದು. ನನ್ನ ಕೆಲಸವೇ ಅದು.

ಫ್ರಿಜ್ಜಿನಲ್ಲಿ ಇಟ್ಟ ಹಾಗೆಯಾ ಅಂತ ಅಮ್ಮ ಕೇಳಿದ್ದು. ಅಲ್ಲ. ಫ್ರೀಜರಿನ ಬಂಗುಡೆ ಕರಗಿದ ಮೇಲೆ ಮೆತ್ತಗಾಗುತ್ತದಲ್ಲ, ನೀರು ಹರಳುಗಟ್ಟಿ ಒಳಗೆಲ್ಲ ಹರಿದು ಹಾಕಿದ್ದು ಅದು. ಬಳ್ಳಿರಕ್ತದಲ್ಲಿರುವ, ರಕ್ತ ಹುಟ್ಟಿಸುವ ಕಾಂಡಕೋಶಗಳಿಗೆ ಹಾಗಾಗಬಾರದು. ಅದಕ್ಕೆ ಡಿಎಂಎಸ್‌ಒ ಎಂಬ ದ್ರಾವಕವನ್ನು ನೂರಕ್ಕೆ 10ರಷ್ಟು ಸೇರಿಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸುತ್ತೇವೆ. ಕೋಶದ ಹೊರಗಿನ ನೀರು ಮೊದಲು ಗಟ್ಟಿಯಾಗಿ, ಉಳಿದ ದ್ರವ ಉಪ್ಪುಪ್ಪಾಗಿ, ಅದು ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಅಮ್ಮ ಭರಣಿಯಲ್ಲಿ ಹಾಕುವ ಹಲಸಿನ ಉಪ್ಪುಸೊಳೆ ನೀರು ಬಿಟ್ಟುಕೊಳ್ಳುವುದಿಲ್ಲವಾ, ಹೆಚ್ಚುಕಡಿಮೆ ಹಾಗೆಯೇ. ಅವಸರ ಮಾಡಿದರೆ ಕೋಶ ಒಡೆಯುತ್ತದೆ, ತೀರಾ ನಿಧಾನ ಮಾಡಿದರೆ ಬತ್ತಿ ಸಾಯುತ್ತದೆ. ಆಮೇಲೆ ದ್ರವ ಸಾರಜನಕದ ಟ್ಯಾಂಕ್, ಮೈನಸ್ 196 ಡಿಗ್ರಿ. ಕರೆಂಟ್ ಹೋದರೆ? (ಇದೂ ಅಮ್ಮನ ಪ್ರಶ್ನೆ.) ಏನೂ ಆಗುವುದಿಲ್ಲ. ಆದರೆ ಸಾರಜನಕ ಆವಿಯಾಗುತ್ತಲೇ ಇರುತ್ತದೆ, ತುಂಬಿಸುವ ಜನ ಬೇಕು. 75 ವರ್ಷವೂ ಬೇಕು.

ಇಲ್ಲಿ ನಾವು ಹೆಚ್ಚಾಗಿ ಇಡುವುದು ಮೈಲೋಮಾ ಕ್ಯಾನ್ಸರ್ ಬಂದ ದೊಡ್ಡವರ ಕೋಶ. ಜೋರು ಕೀಮೋ ಈ ಕೋಶಗಳನ್ನೂ ಕೊಲ್ಲುತ್ತದೆ, ಅದಕ್ಕೆ ಮೊದಲೇ ಅವರದ್ದೇ ರಕ್ತದಿಂದ ತೆಗೆದಿಟ್ಟು, ಮುಗಿದ ಮೇಲೆ 37 ಡಿಗ್ರಿಯ ನೀರಿನಲ್ಲಿ ಚೀಲ ಕರಗಿಸಿ ಡ್ರಿಪ್‌ನಲ್ಲಿ ಕೊಡುತ್ತಾರೆ. ಆ ಹೊತ್ತಿಗೆ ಅವರ ಉಸಿರಲ್ಲಿ ಬೆಳ್ಳುಳ್ಳಿ ವಾಸನೆ, ಡಿಎಂಎಸ್‌ಒದ್ದು. ಮೊದಲ ಸಲ ವಾರ್ಡಿಗೆ ಹೋದಾಗ ಜರ್ಮನಿಯಲ್ಲಿ ಯಾರಪ್ಪ ಒಗ್ಗರಣೆ ಹಾಕಿದ್ದು ಅಂದುಕೊಂಡಿದ್ದೆ.

ಏಜೆಂಟ್ ಹೇಳದ ಅರ್ಧ ಕೇಳು. ಹುಟ್ಟಿನಿಂದಲೇ ಬರುವ ಥಲಸ್ಸೀಮಿಯಾದಂಥ ಕಾಯಿಲೆಗೆ ಮಗುವಿನ ಸ್ವಂತ ಬಳ್ಳಿರಕ್ತ ಪ್ರಯೋಜನವಿಲ್ಲ, ದೋಷ ಅದರಲ್ಲೂ ಇರುತ್ತದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಮೊತ್ತಮೊದಲು ಬಳ್ಳಿರಕ್ತ ಕೊಟ್ಟದ್ದು ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುಕಾಯಿಲೆ ಇದ್ದ ಹುಡುಗನಿಗೆ. ಅದೂ ಅವನದ್ದಲ್ಲ, ತಂಗಿ ಹುಟ್ಟಿದಾಗ ತೆಗೆದಿಟ್ಟದ್ದು. ಮನೆಯಲ್ಲಿ ಅಂಥ ಕಾಯಿಲೆಯ ಮಗು ಮೊದಲೇ ಇದ್ದರೆ ನಾನೇ ತೆಗೆದಿಡು ಅನ್ನುತ್ತಿದ್ದೆ. ನಮ್ಮಲ್ಲಿ ದೇವರ ದಯೆಯಿಂದ ಇಲ್ಲ. ಮುಂದೆ ತನಗೇ ಬೇಕಾಗಬಹುದು ಅಂತ ಇಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಇನ್ನು 75 ವರ್ಷದ ಲೆಕ್ಕ: 1988ರಿಂದ ಇಲ್ಲಿಯವರೆಗೆ ಎಷ್ಟಾಯಿತು ಅಂತ ಭಾವನೇ ಕೂಡಿ ನೋಡಲಿ.

ಡಾಕ್ಟರ ಹತ್ತಿರ ಬೇರೊಂದು ಕೇಳಿಕೋ. ಹುಟ್ಟಿದ ತಕ್ಷಣ ಬಳ್ಳಿ ಕತ್ತರಿಸದೆ ಒಂದು ನಿಮಿಷವಾದರೂ ಕಾಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟರಲ್ಲಿ ಆ ರಕ್ತ ಮಗುವಿಗೇ ಇಳಿಯುತ್ತದೆ, ಕಬ್ಬಿಣದಂಶ ಸಿಗುತ್ತದೆ.

ಭಾವ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ರಸೀದಿಯ ಫೋಟೋ ಕಳಿಸು, ಬೈಯುವುದಿಲ್ಲ. ಬಾಣಂತನಕ್ಕೆ ಒಂದು ತಿಂಗಳು ರಜೆ ಹಾಕಿ ಬರುತ್ತೇನೆ. ಉಪ್ಪುಸೊಳೆಯ ಭರಣಿ ಅಷ್ಟರೊಳಗೆ ಖಾಲಿ ಮಾಡಬೇಡಿ, ಪಲ್ಯ ತಿನ್ನದೆ ವರ್ಷ ಎರಡಾಯಿತು.

ನಿನ್ನ ತಂಗಿ